ನಾನು ಹಾಕದ ಹೀಟರು

ಮನೆಮನೆಯನ್ನೂ ಬೆಚ್ಚಗಿಡುವ ಭಾರ ಹೊತ್ತಿರುವ ಕಂಪನಿಯ ಗ್ರಾಹಕ ಸಂತೃಪ್ತಿ ವಿಭಾಗದ ಘನ ಮುಖ್ಯಸ್ಥರಿಗೆ,

ಮಾನ್ಯರೇ,

ತಮಗೂ, ತಮ್ಮ ಕುಟುಂಬಕ್ಕೂ, ತಮ್ಮ ಕಚೇರಿಗೆ ಫೋನ್ ಮಾಡಿದಾಗಲೆಲ್ಲ ಬಹಳ ಹೊತ್ತು ನನ್ನನ್ನು ರಂಜಿಸಿದ ಆ ಹೆಸರು ಗೊತ್ತಿಲ್ಲದ ಪಿಟೀಲುಗಾರರಿಗೂ ಕ್ಯಾಸಲ್‌ಬಾರ್ ಊರಿನಿಂದ ನನ್ನ ವಿನಯಪೂರ್ವಕ ವಂದನೆಗಳು. ತಾವೆಲ್ಲ ಕ್ಷೇಮವೆಂದೂ, ತಮ್ಮ ಮಹಡಿಯ ಕೋಣೆಗಳು ಬೆಚ್ಚಗಿವೆಯೆಂದೂ ನಂಬಿದ್ದೇನೆ.

ನಾನು ಫಿಲೊಮಿನಾ ಟಾರ್ಪಿ. ಮಗ ಎಂಡಾ, ಸೊಸೆ ಓರ್ಲಾ ಇವರ ಜೊತೆ, ಅವರ ಮನೆಯ ಕೆಳಗಿನ ಕೋಣೆಯಲ್ಲಿ ವಾಸ. ನೀರಿನ ಹಂಡೆಯೊಳಗಿನ ಹೀಟರನ್ನು ಮರೆತು ಹಾಕಿಟ್ಟು ಹೊರಟವರಿಗೆ ನಮ್ಮ ಕಡೆ ಮನೆ ಮುಳುಗಿಸುವ ದುಂದುಗಾರರೆಂದು ಎಂಥ ಕೆಟ್ಟ ಹೆಸರು ಬರುತ್ತದೆಂದು ಐರ್ಲೆಂಡಿನಲ್ಲೇ ಹುಟ್ಟಿರಬಹುದಾದ ತಮಗೆ ಹೇಳಬೇಕಾಗಿಲ್ಲ. ನನ್ನ ಯಜಮಾನರು, ದೇವರು ಅವರ ಆತ್ಮಕ್ಕೆ ಶಾಂತಿ ಕೊಡಲಿ, ನಮ್ಮ ಮದುವೆಯಾದ ಮೇಲಿನ ಮೊದಲ ಪ್ರವಾಸದಲ್ಲಿ ಅರ್ಧ ದಾರಿಯಿಂದ ಕಾರು ತಿರುಗಿಸಿ ಮನೆಗೆ ಬಂದಿದ್ದು ಆ ಸ್ವಿಚ್ಚು ನೋಡಲಿಕ್ಕೆ. ಅದು ಆರಿಯೇ ಇತ್ತು, ಆರಿಸಿದ್ದು ನಾನೇ. ಇಂಥ ನನ್ನ ಮೇಲೆ ಈ ಇಳಿವಯಸ್ಸಿನಲ್ಲಿ ಹೀಟರಿನ ಅಪವಾದ ಹೊರಿಸುವ ಕೀರ್ತಿ ತಮ್ಮ ಕಂಪನಿಗೇ ಸಲ್ಲಬೇಕು.

ಕಳೆದ ಚಳಿಗಾಲದ ಮೊದಲಲ್ಲಿ ತಮ್ಮ ತಂತ್ರಜ್ಞ ಶ್ರೀಮಾನ್ ಫರ್ಗಲ್ ಅವರು ಬಂದು, ಗೋಡೆಯ ಹಳೆಯ ಸ್ವಿಚ್ಚನ್ನೂ ಅದರ ಕೆಂಪು ದೀಪವನ್ನೂ ಕಿತ್ತು, ಹೊಳೆಯುವ ಪರದೆಯುಳ್ಳ ಒಂದು ಪೆಟ್ಟಿಗೆಯನ್ನು ಪ್ರತಿಷ್ಠಾಪಿಸಿದರು. ಕೆಳಗಿನ ಕೋಣೆಗಳನ್ನು ಬೆಚ್ಚಗಿಡಲೊಂದು, ಮಹಡಿಯದಕ್ಕೊಂದು, ಹಂಡೆಯ ಹೀಟರಿಗೊಂದು ಗುಂಡಿ. ಏನು ಉರಿಯುತ್ತಿದೆ, ಏನು ಆರಿದೆ ಎಂದು ಪರದೆಯೇ ಹೇಳುತ್ತದೆ, ಇನ್ನು ಮನುಷ್ಯರು ಯೋಚಿಸುವ ಅಗತ್ಯವಿಲ್ಲ ಎಂದು ವಿವರಿಸಿ, ಎರಡು ಕಪ್ ಟೀ ಕುಡಿದು ಹೋದರು.

ಅಂದಿನಿಂದ ಮನೆಯಲ್ಲಿ ಎರಡು ವಿಚಿತ್ರಗಳು ಶುರುವಾದವು. ಮಹಡಿ ಮಂಜುಗಡ್ಡೆಯಂತಿರುತ್ತಿತ್ತು, ನಲ್ಲಿ ತಿರುಗಿಸಿದರೆ ಮಾತ್ರ ಕೈ ಸುಡುವ ನೀರು. ಪರದೆ ನೋಡಿದರೆ ಹೀಟರು ಆರಿದೆ ಎನ್ನುತ್ತಿತ್ತು. ಪರದೆ ಸುಳ್ಳು ಹೇಳುವುದಿಲ್ಲವಾದ್ದರಿಂದ, ಯಾರೋ ಕದ್ದು ಹಾಕಿ ಆಮೇಲೆ ಆರಿಸುತ್ತಿದ್ದಾರೆ ಎಂದಾಯಿತು. ಹಗಲೆಲ್ಲ ಮನೆಯಲ್ಲಿರುವ ಜೀವ ಒಂದೇ. ಮಗ ಮೆಲ್ಲಗೆ, ನನ್ನ ಮುಖ ನೋಡದೆ ಕೇಳಿದ: "ಅಮ್ಮಾ, ಬಿಸಿನೀರು ಬೇಕಾದ್ರೆ ಹೇಳಿ. ಕದ್ದುಮುಚ್ಚಿ ಯಾಕೆ?" ಸೊಸೆಯೋ, ನಾನು ಬಚ್ಚಲಿನಿಂದ ಹೊರಬಂದ ಮೇಲೆ ಒಳಹೋಗಿ, ಹಂಡೆ ಇಟ್ಟಿರುವ ಬೀರುವಿನ ಬಾಗಿಲು ತೆರೆದು ನೋಡುತ್ತಿದ್ದಳು, ಅಷ್ಟೆ. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ತಮಗೆ ದೂರು ಹೋಯಿತು. ಶ್ರೀಮಾನ್ ಫರ್ಗಲ್ ಅವರು ಮತ್ತೆ ದಯಮಾಡಿಸಿ, ಪೆಟ್ಟಿಗೆಯ ಮುಚ್ಚಳವನ್ನೂ ತೆಗೆಯದೆ, ವೈರಿಂಗ್ ಪಕ್ಕಾ ಇದೆಯೆಂದು ತೀರ್ಪು ಕೊಟ್ಟರು. ಆಮೇಲೆ, ಕಿವಿ ಚೆನ್ನಾಗಿಯೇ ಕೇಳುವ ನನ್ನ ಹತ್ತಿರ ಬಗ್ಗಿ, ಬೀದಿಯ ಆಚೆಗೂ ಕೇಳುವಂತೆ, "ಅಜ್ಜೀ, ಈ ಗುಂಡಿ ನೀವು ಮುಟ್ಬಾರ್ದು, ಆಯ್ತಾ?" ಎಂದರು. ಹೋಗುವ ಮುನ್ನ ಪೆಟ್ಟಿಗೆಗೆ ಬೀಗವಿರುವ ಪ್ಲಾಸ್ಟಿಕ್ ಕವಚ ಹಾಕಿ, ಬೀಗದ ಕೈಯನ್ನು ಸೊಸೆಯ ಅಂಗೈಗಿತ್ತರು. ಔಷಧಿ ಡಬ್ಬಿಯನ್ನು ಮಗುವಿನ ಕೈಗೆಟುಕದಂತೆ ಎತ್ತಿಡುವಂಥ ಈ ಮುಂಜಾಗ್ರತೆಗೆ ನಾನು ತಲೆಬಾಗುತ್ತೇನೆ.

ಬೀಗ ಹಾಕಿದ ಮೇಲೂ ನೀರು ಕುದಿಯಿತು. ಓರ್ಲಾ ಬೀಗದ ಕೈಯನ್ನು ಬೇರೆ ಕಡೆ ಬಚ್ಚಿಟ್ಟಳು. ಆ ವಾರವೇ ನಾನು ಬಟ್ಟೆ ತುಂಬಿಕೊಂಡು ಸ್ಲೈಗೊದಲ್ಲಿರುವ ತಂಗಿ ಕನ್ಸೆಪ್ಟಾಳ ಮನೆಗೆ ಹೊರಟೆ. ಬಸ್ಸಿನಲ್ಲಿ ಕೂತಾಗ ಅನ್ನಿಸಿತು, ಇನ್ನು ಆ ಮನೆಗೆ ನಾನು ಬಂದರೆ ನೆಂಟಳಾಗಿ ಮಾತ್ರ ಎಂದು.

ಮಾನ್ಯರೇ, ತಮ್ಮ ಕಂಪನಿಯ ಯಾವ ಪ್ರಮಾಣಿತ ತಜ್ಞರೂ ಮಾಡದ ತನಿಖೆಯನ್ನು ಮಾಡಿದವಳು ನನ್ನ ಸೊಸೆ. ನಾನು ಹೋದ ಮೇಲೂ ನೀರು ಸುಡುತ್ತಲೇ ಇತ್ತು. ಒಂದು ಮಧ್ಯಾಹ್ನ ಒಬ್ಬಳೇ ಇದ್ದಾಗ ಚಳಿ ತಡೆಯದೆ, ಕವಚದ ಬೀಗ ತೆಗೆದು ಮಹಡಿಯ ಗುಂಡಿಯನ್ನು ಎಂದಿನಂತೆ ಇನ್ನಷ್ಟು ಏರಿಸಿದಳು. ಮನೆ ನಿಶ್ಶಬ್ದವಾಗಿತ್ತು. ಬೀರುವಿನೊಳಗೆ ಹಂಡೆ ಗುಂಯ್ಗುಡತೊಡಗಿದ್ದು ಕೇಳಿಸಿತು. ಗುಂಡಿ ಇಳಿಸಿದಳು, ಸದ್ದು ನಿಂತಿತು. ಏರಿಸಿದಳು, ಮತ್ತೆ ಸದ್ದು. ಕೊನೆಗೆ ಹೀಟರಿನ ಗುಂಡಿ ಒತ್ತಿದಳು. ಹಂಡೆ ಸುಮ್ಮನಿತ್ತು. ಸ್ವಲ್ಪ ಹೊತ್ತಿಗೆ ಮಹಡಿಯ ಕೋಣೆಗಳು, ಆ ಚಳಿಗಾಲದಲ್ಲಿ ಮೊದಲ ಸಲ, ಬೆಚ್ಚಗಾದವು.

ಶ್ರೀಮಾನ್ ಫರ್ಗಲ್ ಅವರು ಮಹಡಿಯ ತಂತಿಯನ್ನೂ ಹೀಟರಿನ ತಂತಿಯನ್ನೂ ಅದಲು ಬದಲು ಮಾಡಿದ್ದರು, ಅಷ್ಟೇ. ಚಳಿಗೆ ನಡುಗುತ್ತಾ ಮಹಡಿಯ ಗುಂಡಿ ಏರಿಸಿದ್ದು ಓರ್ಲಾ, ಕುದಿದದ್ದು ಹಂಡೆ, ಅಪರಾಧಿ ನಾನು. ಹೀಟರಿನ ಗುಂಡಿಯನ್ನು ನಾನು ನಿಜಕ್ಕೂ ಕದ್ದು ಒತ್ತಿದ್ದಿದ್ದರೆ ಅವರ ಮಲಗುವ ಕೋಣೆ ಬೆಚ್ಚಗಾಗುತ್ತಿತ್ತು. ಅವರು ಅನುಭವಿಸಿದ ಒಂದೊಂದು ಚಳಿಯೂ ನನ್ನ ಪ್ರಾಮಾಣಿಕತೆಗೆ ಸಾಕ್ಷಿ.

ಓರ್ಲಾ ಫೋನ್ ಮಾಡಲಿಲ್ಲ. ಮಳೆಯಲ್ಲಿ ಕಾರು ಓಡಿಸಿಕೊಂಡು ಸ್ಲೈಗೊಗೆ ಬಂದಳು. ಕನ್ಸೆಪ್ಟಾಳ ಅಡುಗೆಮನೆಯಲ್ಲಿ ಕೋಟು ಕೂಡ ಬಿಚ್ಚದೆ ನಿಂತು, "ಅತ್ತೆ, ಅದು ನೀವಲ್ಲ. ನಾನು," ಎಂದಳು. ಇಂಥ ದಿನಕ್ಕೆಂದೇ ನಾನು ಒಂದು ಭಾಷಣ ಸಿದ್ಧಮಾಡಿ ಇಟ್ಟುಕೊಂಡಿದ್ದೆ. ಬಹಳ ಚೆನ್ನಾಗಿತ್ತು. ಒಂದು ಮಾತೂ ನೆನಪಿಗೆ ಬರಲಿಲ್ಲ. "ಕೋಟು ಬಿಚ್ಚಮ್ಮ, ಟೀ ಇಡ್ತೀನಿ," ಎಂದೆ. ಅವಳು ಅಳುವಾಗ ಕನ್ಸೆಪ್ಟಾ ತುಂಬ ಕೆಲಸವಿರುವವಳಂತೆ ಬ್ರೆಡ್ಡು ಕೊಯ್ಯುತ್ತಾ ನಿಂತಳು. ಅಂದು ಸಂಜೆಯೇ ಸೊಸೆಯ ಜೊತೆ ಮನೆಗೆ ಬಂದೆ.

ತಮ್ಮ ಕಚೇರಿಯ ದಾಖಲೆಯ ಪ್ರಕಾರ ನಮ್ಮ ವೈರಿಂಗ್ ಇನ್ನೂ ಪಕ್ಕಾ ಇರುವುದರಿಂದ, ಊರಿನ ಬೇರೊಬ್ಬರನ್ನು ಕರೆಸಿ ತಂತಿಗಳನ್ನು ಸರಿಪಡಿಸಿಕೊಂಡೆವು. ಈ ಅಶಿಸ್ತನ್ನು ಮನ್ನಿಸಬೇಕು. ನನ್ನ ಕೋರಿಕೆಗಳು ಸಣ್ಣವು. ತಾವು ಖುದ್ದಾಗಿ ಬಂದು, ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ನಿಂತು, ಫಿಲೊಮಿನಾ ಟಾರ್ಪಿ ಹೀಟರು ಹಾಕಿರಲಿಲ್ಲವೆಂದು, ಶ್ರೀಮಾನ್ ಫರ್ಗಲ್ ಅವರಷ್ಟೇ ದೊಡ್ಡ ದನಿಯಲ್ಲಿ ಸಾರಬೇಕು. ನನ್ನ ದಿವಂಗತ ಯಜಮಾನರಿಗೂ ಈ ವಿಷಯ ತಲುಪುವಂತೆ, ತಮಗೆ ತೋಚಿದ ಮಾರ್ಗದಲ್ಲಿ, ಒಂದು ಪ್ರತಿ ಕಳುಹಿಸಬೇಕು. ಹಾಗೆಯೇ ಆ ಪ್ಲಾಸ್ಟಿಕ್ ಕವಚವನ್ನು ಹಿಂದಿರುಗಿಸುತ್ತಿದ್ದೇನೆ. ಮೀನಿನ ಮುಳ್ಳು ಹಾಕಿಡಲಿಕ್ಕೆ ಅದು ಅನುಕೂಲವಾಗಿತ್ತು.

ಬೆಚ್ಚಗಿನ ಗೌರವಗಳೊಂದಿಗೆ,

ತಮ್ಮ ವಿಶ್ವಾಸಿ,
ಫಿಲೊಮಿನಾ ಟಾರ್ಪಿ

ಮರೆತ ಮಾತು: ನಿನ್ನೆ ಮನೆಯಲ್ಲಿ ಯಾರೂ ಇಲ್ಲದಾಗ ಹೀಟರು ಹಾಕಿ, ಕುತ್ತಿಗೆಯವರೆಗೂ ಬಿಸಿನೀರು ತುಂಬಿಸಿಕೊಂಡು, ಬೆರಳು ಸುಕ್ಕಾಗುವ ತನಕ ತೊಟ್ಟಿಯಲ್ಲಿ ಮಲಗಿದ್ದೆ. ಆರಿಸಲು ಮರೆತೆ. ಸಂಜೆ ಮಗ ನಲ್ಲಿ ತಿರುಗಿಸಿ, ಕೈ ಹಿಂದಕ್ಕೆಳೆದುಕೊಂಡು, ತಮ್ಮ ಕಂಪನಿಯನ್ನು ಬಹಳ ಹೊತ್ತು ಬೈದ. ನಾನು ಅಡ್ಡ ಮಾತಾಡಲಿಲ್ಲ.