ನಾಯಿಗಿರುವ ಹೆಸರು

“ಮೊದಲನೇ ಪುಟದಾಗ ನೀಗ್ರೋ, ಎರಡನೇದ್ರಾಗ ಕರಿಯ, ಮೂರನೇದ್ರಾಗ ಕಾಪ್ರಿ. ಹಡಗಿನ್ಯಾಗ ಮೂರು ಮಂದಿ ಅದಾರೇನೋ ತಮ್ಮಾ?” ಎನ್ನುತ್ತ ಬಸಲಿಂಗಪ್ಪನವರು ಮೂರನ್ನೂ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು.

“ಒಬ್ಬನೇ ಸಾರ್. ಖಲಾಸಿ,” ಎಂದ ವಸಂತಕುಮಾರ.

ಡೊಂಬಿವಲಿ ಕನ್ನಡ ಸಂಘದ ಎಂಬತ್ಮೂರನೇ ಇಸವಿಯ ಸಂಚಿಕೆ ಸಂಜೆ ಪ್ರೆಸ್ಸಿಗೆ ಹೋಗಬೇಕಿತ್ತು. ಅದರಲ್ಲಿ ಅವನ ಮೊಟ್ಟಮೊದಲ ಕತೆ. ಆ ಖಲಾಸಿಗೆ ಮರ್ಯಾದೆಯ ಒಂದೇ ಪದ ಸಿಗದಿದ್ದರೆ ಆ ಜಾಗಕ್ಕೆ ಅಧ್ಯಕ್ಷ ಬಸಲಿಂಗಪ್ಪನವರದೇ ಕಾಶೀಯಾತ್ರೆಯ ಕಥನ, ಬಾಸಿಂಗ ಕಟ್ಟಿಕೊಂಡ ಮದುಮಗನಂತೆ ಕಾದು ಕುಳಿತಿತ್ತು.

ಚಹಾ ತಂದ ಅವರ ಹೆಂಡತಿ ರತ್ನಾಬಾಯಿ, “ಎಣ್ಣೆಗೆಂಪು ಅಂತ ಹಾಕ್ರಿ. ನಮ್ಮ ಹುಡುಗೀಗೂ ಹಂಗ ಬರದ ಮದುವಿ ಮಾಡೇವಿ,” ಎಂದರು.

“ಎಂತದಕ್ಕೆ ಇಷ್ಟು ತಲೆಬಿಸಿ ಮಾರಾಯ್ರೆ?” ಎಂದ ಕಾರ್ಯದರ್ಶಿ ಧರ್ಮಪಾಲ. “ಕಲ್ಯಾಣದ ರೈಲ್ವೆ ಕ್ವಾರ್ಟರ್ಸಲ್ಲಿ ಒಬ್ಬ ಆಫ್ರಿಕಾದವ ಇದ್ದಾನೆ. ಅವನನ್ನೇ ಕೇಳುವ.”

ಮೂವರೂ ಲೋಕಲ್ ಹತ್ತಿದರು. ವಸಂತಕುಮಾರ ಇಂಗ್ಲಿಷಿನಲ್ಲಿ ಪ್ರಶ್ನೆ ಕಟ್ಟತೊಡಗಿದ. ಠಾಕುರ್ಲಿ ಸ್ಟೇಷನ್ ದಾಟುವಷ್ಟರಲ್ಲಿ ಅದರಲ್ಲಿ ವಿನಯ ಎಷ್ಟು ತುಂಬಿತೆಂದರೆ, ಕೊನೆಗೆ ಬಂದಾಗ ಮೊದಲು ಮರೆತುಹೋಗುತ್ತಿತ್ತು.

ಬಾಗಿಲು ತೆರೆದವನು ಗುಂಗುರು ಕೂದಲಿನ, ಲುಂಗಿ ಬನಿಯನ್ನಿನ ಆಜಾನುಬಾಹು.

“ಎಕ್ಸ್‌ಕ್ಯೂಸ್ ಮಿ ಸರ್, ಇನ್ ಯುವರ್ ಕಂಟ್ರಿ...”

“ಹಳಿಯಾಳ ತಾಲೂಕ,” ಎಂದ ಆತ. “ಒಳಗ ಬರ್ರಿ. ಚಪ್ಪಲಿ ಅಲ್ಲೇ ಬಿಡ್ರಿ.”

ಬಸ್ತ್ಯಾಂವ ಸಿದ್ದಿ. ಅವನ ಹಿರಿಯರು ಆಫ್ರಿಕಾದಿಂದ ಬಂದು ಉತ್ತರ ಕನ್ನಡದ ಕಾಡಿನಲ್ಲಿ ನೆಲೆಸಿ ಎಷ್ಟೋ ತಲೆಮಾರು ಕಳೆದಿದ್ದವು. ಇವನು ಕಬಡ್ಡಿ ಆಡಿ ರೈಲ್ವೆ ಸೇರಿದ್ದ. ಧರ್ಮಪಾಲ ಸೀಲಿಂಗ್ ಫ್ಯಾನನ್ನು ಕೊಳ್ಳಲು ಬಂದವನಂತೆ ನೋಡುತ್ತ ಕುಳಿತ.

ಸಂಗತಿ ಕೇಳಿದ ಬಸ್ತ್ಯಾಂವ, “ಆ ಖಲಾಸಿ ಹೆಸರರೆ ಏನು?” ಎಂದ.

“ಇಲ್ಲ. ಇದು ಹೊಸ ರೀತಿಯ ಕತೆ. ಮನುಷ್ಯ ಅನಾಮಿಕ,” ಎಂದ ವಸಂತಕುಮಾರ.

“ಯಾರಿಗೂ ಇಲ್ಲೇನು?”

“ಕ್ಯಾಪ್ಟನ್ನಿಗಿದೆ,” ಎಂದು ವಸಂತಕುಮಾರ ತಡವರಿಸಿದ. “ಅವನ ನಾಯಿಗಿದೆ.”

ಬಸಲಿಂಗಪ್ಪನವರು ಕೆಮ್ಮಿದರು.

“ಹಾಗಾದರೆ ನಿಮ್ಮ ಹೆಸರೇ ಇಡುವ ಸಿದ್ದಿಯವರೇ!” ಎಂದು ಧರ್ಮಪಾಲ ಫ್ಯಾನಿನಿಂದ ಇಳಿದುಬಂದ. “ಮೂರು ಪುಟಕ್ಕೂ ಒಂದೇ. ಗೌರವಪೂರ್ವಕ.”

ಬಸ್ತ್ಯಾಂವ ಕುಡಿಯುತ್ತಿದ್ದ ಚಹಾದ ಕಪ್ಪನ್ನು ಕೆಳಗಿಟ್ಟ. “ಕಡೀಕ ಅವ ಏನಾಗ್ತಾನ?”

“ಸಮುದ್ರಕ್ಕೆ ಬಿದ್ದು ಸಾಯ್ತಾನೆ. ಸಾಂಕೇತಿಕವಾಗಿ.”

“ನಾಯಿ?”

“ಬದುಕುತ್ತೆ.”

ಬಸಲಿಂಗಪ್ಪನವರ ಕೈ ಮೆಲ್ಲಗೆ ಕಾಶೀಯಾತ್ರೆಯಿದ್ದ ಚೀಲದೊಳಗೆ ಇಳಿಯಿತು.

ವಸಂತಕುಮಾರ ಪೆನ್ನು ಹೊರತೆಗೆದ. “ಬದುಕಿಸ್ತೀನಿ ಸಾರ್! ಅವನಿಗೆ ಈಜು ಬರುತ್ತೆ ಅಂತ ಈಗಲೇ ಬರೀತೀನಿ. ಬೇಕಾದ್ರೆ ಕ್ಯಾಪ್ಟನ್ ಮಾಡ್ತೀನಿ. ನಿಮ್ಮ ಹೆಸರು ಕೊಡಿ, ಸಾಕು!”

“ಬ್ಯಾಡ್ರಿ,” ಎಂದ ಬಸ್ತ್ಯಾಂವ. “ನನ್ನ ಹೆಸರು ನನಗಿರ್ಲಿ, ಅವಂಗ ಅವಂದೇ ಒಂದು ಇಡ್ರಿ.”