ಎಂಟರ್ ಒತ್ತದ ಸಾಲು

ಕರೆಯಬೇಕಾದವರ ಪಟ್ಟಿ ಬರೆಯುವುದಕ್ಕೆ ನಮ್ಮ ಮನೆಯಲ್ಲಿ ಒಂದು ಅಲಿಖಿತ ನಿಯಮವಿದೆ: ಮುನಿಸಿಕೊಳ್ಳುವವರು ಮೇಲೆ, ನಮ್ಮವರು ಕೆಳಗೆ. ಬೀಗರು ಮೊದಲು. ಆಮೇಲೆ, ಹಿಂದೊಮ್ಮೆ ನಾವು ಕರೆಯಲು ಮರೆತದ್ದನ್ನು ಇಂದಿಗೂ ಮರೆಯದ ಎಕಂಬಾದ ದೊಡ್ಡಪ್ಪ. ಗಾಂಧಿ ಗಂಜ್ ಮಾರುಕಟ್ಟೆಯ ಪರಿಚಯದ ವ್ಯಾಪಾರಿ, ಎದುರು ಮನೆಯವರು, ಕಾಲೇಜಿನವರು. ಒಡಹುಟ್ಟಿದವರು ಕಟ್ಟಕಡೆಗೆ. ಅವರು ಹೇಗಿದ್ದರೂ ಬರುತ್ತಾರೆ ಎಂಬ ಧೈರ್ಯ. ಆ ಧೈರ್ಯದ ಮೇಲೆಯೇ ನಾನು ಇಷ್ಟು ವರ್ಷ ನೆಂಟಸ್ತಿಕೆ ನಡೆಸಿಕೊಂಡು ಬಂದವಳು.

ಮಗಳು ಅಶ್ವಿನಿಯ ಕುಬಸ, ಅಂದರೆ ಸೀಮಂತ, ಗೊತ್ತಾದಾಗಲೂ ಇದೇ ಕ್ರಮದಲ್ಲಿ ಪಟ್ಟಿ ಮಾಡಿದೆ. ನಾನು ಭಾಲ್ಕಿಯ ಕಾಲೇಜೊಂದರಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತೇನೆ. ಒಬ್ಬೊಬ್ಬರಿಗೂ ಫೋನು ಹಚ್ಚುವುದು ನನ್ನ ವಿದ್ಯೆಗೇ ಅವಮಾನ ಎನಿಸಿತು. ಸಾಲಿಗೊಬ್ಬರಂತೆ ಹೆಸರು, ನಂಬರು ಫೈಲಿನಲ್ಲಿ ತುಂಬಿ, ಅದನ್ನು ಒಂದೊಂದೇ ಸಾಲಾಗಿ ಓದಿ, ಹೆಸರು ಹಿಡಿದು ಆಮಂತ್ರಣ ಕಳಿಸುವ ಪ್ರೋಗ್ರಾಂ ಬರೆದೆ.

"ನಾಕ್ ಮಂದೀಗಿ ಬಾಯಿಲೆ ಕರದ್ರ ಆಗಂಗಿಲ್ಲೇನು?" ಎಂದರು ಯಜಮಾನರು. ಪಾಪ, ಅವರಿಗೇನು ಗೊತ್ತು ಎಂದು ನಕ್ಕು ಪ್ರೋಗ್ರಾಂ ಓಡಿಸಿದೆ.

ಕುಬಸದ ದಿನ ಬೀದರಿನ ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುನಿಸಿಕೊಳ್ಳುವವರೆಲ್ಲ ನಗುನಗುತ್ತ ಬಂದಿದ್ದರು. ಮಗಳು ಮಾತ್ರ ಬಾಗಿಲನ್ನೇ ನೋಡುತ್ತಿದ್ದಳು.

"ಅವ್ವಾ, ಮೌಶಿ ಯಾಕ ಬಂದಿಲ್ಲ?"

ಮೌಶಿ ಎಂದರೆ ಔರಾದದಲ್ಲಿರುವ ನನ್ನ ತಂಗಿ ಸುವರ್ಣ. ನಾನು ನೌಕರಿಗಾಗಿ ದಿನಾ ಭಾಲ್ಕಿಗೆ ಓಡಾಡುತ್ತಿದ್ದಾಗ ಈ ಮಗುವನ್ನು ಮೂರು ವರ್ಷ ತನ್ನ ಬಳಿ ಇಟ್ಟುಕೊಂಡು ಸಾಕಿದವಳು. ಆರತಿ ಅವಳೇ ಎತ್ತಬೇಕಿತ್ತು. ಫೋನು ಮಾಡಿದೆ, ಎತ್ತಲಿಲ್ಲ. ಕೊನೆಗೆ ಬೀಗಿತ್ತಿ ಆರತಿ ಎತ್ತಿದರು. ಮಗಳು ಕಣ್ಣೊರೆಸಿಕೊಂಡಳು.

ಸಂಜೆ ಪ್ರೋಗ್ರಾಂ ತೆರೆದು ನೋಡಿದೆ. ಸಾಲಿನ ಕೊನೆಗೆ ಎಂಟರ್ ಗುರುತು ಸಿಕ್ಕರೆ ಮಾತ್ರ ಅದು ಸಾಲು ಮುಗಿಯಿತೆಂದು ತಿಳಿದು ಸಂದೇಶ ಕಳಿಸುವಂತೆ ಬರೆದಿದ್ದೆ. ಕಟ್ಟಕಡೆಯ ಹೆಸರಿನ ಮುಂದೆ ನಾನು ಎಂಟರ್ ಒತ್ತಿರಲಿಲ್ಲ. ಪ್ರೋಗ್ರಾಂ ಸುವರ್ಣಳ ಹೆಸರನ್ನು ಬಾಯಲ್ಲಿಟ್ಟುಕೊಂಡು ಗುರುತಿಗಾಗಿ ಕಾದು, ಫೈಲು ಮುಗಿದದ್ದೇ ನುಂಗಿ ಎದ್ದುಹೋಗಿತ್ತು. ಇದೇ ತಪ್ಪಿಗೆ ನಾನು ವರ್ಷವರ್ಷವೂ ವಿದ್ಯಾರ್ಥಿಗಳ ಅಂಕ ಕಡಿಯುತ್ತೇನೆ.

ಮರುದಿನ ಬೆಳಗಿನ ಬಸ್ಸಿಗೇ ಔರಾದಕ್ಕೆ ಹೋದೆ. ಸುವರ್ಣಳ ಮನೆಯಲ್ಲಿ ಅವಳ ಗಂಡನ ಕಡೆಯ ನೆಂಟರಿದ್ದರು. ಅಡುಗೆಮನೆಯಲ್ಲಿ ಅವಳ ಬೆನ್ನ ಹಿಂದೆ ನಿಂತು, ಸಾಲು, ಫೈಲು, ಎಂಟರ್ ಎಂದು ಪೂರಾ ಪಾಠ ಒಪ್ಪಿಸಿದೆ. ಅವಳು ಹೋಳಿಗೆ ತಿರುವಿಹಾಕುತ್ತ ಕೇಳಿಸಿಕೊಂಡಳು.

"ಕುಬಸ ಅಂತ ಮಂದಿ ಬಾಯಾಗ ಕೇಳಿ, ಎಂಟ್ ದಿನ ಫೋನ್ ನೋಡ್ಕೋತ ಕುಂತೆ ಅಕ್ಕಾ. ಪೋರಿಗಿ ಹಸರ ಸೀರಿ ತಂದಿಟ್ಟಿದ್ದೆ. ಮಷಿನ್ ಮ್ಯಾಲ ಯಾಕ ಹಾಕ್ತಿ? ನನ್ನ ಹೆಸರು ಕೊನೀಗಿ ಬರದಾಕಿ ಯಾರು?"

"ನೀ ನಮ್ಮಾಕಿ ಅಲ್ಲೇನು, ಹ್ಯಾಂಗೂ ಬರ್ತಿ ಅಂತ..." ಎಂದು ಶುರುಮಾಡಿದೆ.

ಊಟಕ್ಕೆ ಎಲೆ ಹಾಕಿದರು. ನಾನೂ ಕೂರಲು ಹೋದೆ, ಸುವರ್ಣ ತಡೆದಳು.

"ನೀ ನಮ್ಮಾಕಿ ಅಲ್ಲೇನು? ಕೊನೀಗಿ ಕುಂದ್ರು."

ನೀರು ಬಡಿಸುತ್ತ ನಿಂತೆ. ಹೋಳಿಗೆಯ ಬುಟ್ಟಿ ಎರಡು ಸುತ್ತು ತಿರುಗಿ ನನ್ನ ಕಣ್ಣೆದುರೇ ಬರಿದಾಯಿತು. ತಕ್ಕ ಶಾಸ್ತಿ ಎಂದುಕೊಂಡು ಕೊನೆಗೆ ಅನ್ನ ಸಾರಿಗೆ ಕುಳಿತೆ. ಸುವರ್ಣ ಮೇಲಿನ ಹಲಗೆಯಿಂದ ಒಂದು ಡಬ್ಬಿ ಇಳಿಸಿ, ಎರಡು ಹೋಳಿಗೆ ನನ್ನ ಎಲೆಗೆ ಹಾಕಿ ತುಪ್ಪ ಸುರಿದಳು.

"ನಿನ್ನವು ಎಲ್ಲಾರಕಿಂತ ಮೊದಲೇ ತೆಗದಿಟ್ಟೀನಿ. ಉಣ್ಣು."

ತಲೆಯೆತ್ತದೆ ಎರಡನ್ನೂ ತಿಂದೆ. ಮೂರನೆಯದನ್ನು ಕೇಳಲು ಮನಸ್ಸಿತ್ತು, ಮುಖವಿರಲಿಲ್ಲ.