ಪೆಟ್ಟಿಗೆಯ ಮೇಲೊಂದು ಪೆಟ್ಟಿಗೆ, ಕೆಳಗೆ ಮಾವ

ಸೌಂಡ್ ಸಿಸ್ಟಂ ಇಟ್ಟುಕೊಂಡವನಿಗೆ ಕಷ್ಟವೆಲ್ಲ ಸದ್ದಿನದೇ ಎಂದು ಜನ ತಿಳಿದಿದ್ದಾರೆ. ಸದ್ದೇನೂ ಕಷ್ಟವಲ್ಲ. ಕರೆಂಟು ಕೊಟ್ಟು ಗುಂಡಿ ತಿರುಗಿಸಿದರೆ ಅದರ ಪಾಡಿಗೆ ಅದು ಬರುತ್ತದೆ. ಎಷ್ಟೋ ಸಲ ಬೇಡವೆಂದರೂ ಬರುತ್ತದೆ. ಕಷ್ಟವಿರುವುದು ಪೆಟ್ಟಿಗೆಗಳನ್ನು ನಿಲ್ಲಿಸುವುದರಲ್ಲಿ. ನೆಲದ ಮೇಲೆ ಸಬ್ ವೂಫರ್ ಎಂಬ ದೊಡ್ಡ ಪೆಟ್ಟಿಗೆ ಕೂತಿರುತ್ತದೆ. ಎದೆಯೊಳಗೆ ಧಿಂ ಧಿಂ ಅನ್ನಿಸುವುದು ಅದರ ಕೆಲಸ. ಅದರ ನೆತ್ತಿಯಲ್ಲೊಂದು ತೂತು, ಆ ತೂತಿಗೆ ಒಂದು ಕಬ್ಬಿಣದ ಕಂಬ, ಕಂಬದ ತುದಿಗೆ ಹಾಡು ಮತ್ತು ಮಾತು ಕೇಳಿಸುವ ಇನ್ನೊಂದು ಪೆಟ್ಟಿಗೆ. ಅದನ್ನು ನಾವು ಟಾಪ್ ಎನ್ನುತ್ತೇವೆ. ಕೆಳಗಿನದು ಅದುರಲೆಂದೇ ಹುಟ್ಟಿದ್ದು, ಮೇಲಿನದು ಅದುರಕೂಡದು. ಇವೆರಡಕ್ಕೂ ಒಟ್ಟಿಗೆ ಸಂಸಾರ ಮಾಡಿಸುವುದು ನನ್ನ ಜೀವನೋಪಾಯ.

ಇದನ್ನು ನಾನು ಬಹಳ ಕಾಲ ನಮ್ಮೂರ ಕಡೆಯ ಪದ್ಧತಿಯಲ್ಲೇ ಮಾಡಿಕೊಂಡು ಬಂದೆ. ತಿಪಟೂರಿನ ಸುತ್ತಮುತ್ತ ಏನೇ ಅಲ್ಲಾಡಿದರೂ ಮನುಷ್ಯನ ಕೈ ಮೊದಲು ಹೋಗುವುದು ತೆಂಗಿನ ನಾರಿಗೆ. ಕಿಟಕಿ ಪಟಪಟ ಎಂದರೆ ಸಂದಿಗೆ ನಾರು, ಗುದ್ದಲಿಯ ಕಾವು ಸಡಿಲವಾದರೆ ನಾರು, ಮಂಚದ ಕಾಲು ಗಿಡ್ಡವಾದರೆ ಅಡಿಗೆ ಕರಟ. ನನ್ನ ಪೆಟ್ಟಿಗೆಗಳ ಜೊತೆಗೆ, ತಿರುಪಿ ಕೂರಿಸುವಂಥ ಒಳ್ಳೆಯ ಮರೆ, ಅಂದರೆ ತಿರುಪಿನ ಸುತ್ತುಗೆರೆ, ಇರುವ ಕಂಬಗಳು ಕಂಪನಿಯಿಂದಲೇ ಬಂದಿದ್ದವು. ಆದರೆ ಅವು ಬಂದ ವಾರದಲ್ಲೇ ನನ್ನ ಹೆಂಡತಿ ಗಿರಿಜಾ ಅವುಗಳ ನುಣುಪು, ಹೊಳಪು, ಉದ್ದ ಎಲ್ಲವನ್ನೂ ಪರೀಕ್ಷಿಸಿ, ಒಂದನ್ನು ಹಿತ್ತಲಲ್ಲಿ ಬಟ್ಟೆ ಒಣಗಿಸಲು ಅಡ್ಡ ಕಟ್ಟಿದಳು, ಇನ್ನೊಂದನ್ನು ಹಾಗಲಬಳ್ಳಿಗೆ ಕೊಟ್ಟಳು. ನಾನು ಜಗಳಕ್ಕೆ ಹೋಗದೆ ನೀರಿನ ಪೈಪನ್ನು ಕತ್ತರಿಸಿ ಕಂಬ ಮಾಡಿಕೊಂಡೆ. ಪೈಪು ತೂತಿಗಿಂತ ಸಣ್ಣದು. ಸುತ್ತ ನಾರು ತುರುಕಿದೆ. ಅಲ್ಲಿಗೆ ಸಮಸ್ಯೆ ಮುಗಿಯಿತು ಎಂದುಕೊಂಡೆ.

ಮುಗಿದಿಲ್ಲವೆಂದು ತಿಳಿಸಿಕೊಟ್ಟದ್ದು ನಮ್ಮ ಮನೆಯ ಮಿಕ್ಸಿ. ಒಂದು ಬೆಳಿಗ್ಗೆ ಗಿರಿಜಾ ಚಟ್ನಿ ರುಬ್ಬಲು ಹಾಕಿ ಒಗ್ಗರಣೆಯ ಕಡೆ ತಿರುಗಿದ್ದಳು. ರಬ್ಬರಿನ ಕಾಲು ಸವೆದ ಮಿಕ್ಸಿ ಗುರ್ ಎನ್ನುತ್ತಾ ಅಡುಗೆ ಕಟ್ಟೆಯ ಮೇಲೆ ತಾನೇ ನಡೆಯತೊಡಗಿತು. ಅದರ ಮೇಲಿಟ್ಟಿದ್ದ ಚಮಚ ಮೊದಲು ತಿರುಗಿತು, ಆಮೇಲೆ ಜಾರಿತು, ಆಮೇಲೆ ಬಿತ್ತು. ನಾನು ಮಿಕ್ಸಿಯನ್ನು ಹಿಡಿಯುವುದು ಬಿಟ್ಟು ಚಮಚವನ್ನೇ ನೋಡುತ್ತ ನಿಂತೆ. "ಅದೇನ್ರೀ ಹಂಗ್ ನಿಂತ್ರಿ? ಚಮಚ ಬೀಳೋದ್ನ ಕಂಡಿಲ್ವಾ ಯಾವತ್ತೂ?" ಎಂದಳು ಗಿರಿಜಾ. ಕಂಡಿದ್ದೆ. ಆದರೆ ಆ ಚಮಚದ ಜಾಗದಲ್ಲಿ ನನ್ನ ಟಾಪ್ ಪೆಟ್ಟಿಗೆಯನ್ನು ಕಂಡದ್ದು ಅದೇ ಮೊದಲು. ಅಂದು ಇಡ್ಲಿ ರುಚಿಸಲಿಲ್ಲ.

ಅದೇ ವಾರ ನನ್ನ ಭಾವಮೈದ ಮಂಜನ ಮಗುವಿಗೆ ನಾಮಕರಣ. ತುರುವೇಕೆರೆಯ ಹತ್ತಿರ ಅವರ ತೋಟದಲ್ಲೇ ಶಾಮಿಯಾನ, ಊಟ, ಸೌಂಡು. ತೊಟ್ಟಿಲ ಮಗುವಿನ ಹೆಸರನ್ನು ಕಿವಿಯಲ್ಲಿ ಪಿಸುಗುಟ್ಟುವ ಕಾರ್ಯಕ್ಕೆ ಸಬ್ ವೂಫರ್ ಏಕೆ ಬೇಕು ಎಂದು ನೀವು ಕೇಳಬಹುದು. ಮಂಜನನ್ನು ನೀವು ನೋಡಿಲ್ಲ, ಅದಕ್ಕೆ ಕೇಳುತ್ತೀರಿ. ಸೌಂಡಿನವನೇ ಬಾವನಾಗಿರುವಾಗ ಸುಮ್ಮನೆ ನಾಮಕರಣ ಮಾಡಿದರೆ ಊರಿನವರು ಏನಂದಾರು ಎಂಬುದು ಅವನ ವಾದ. ನನಗೆ ಚಿಂತೆ ಹತ್ತಿದ್ದು ಅವನದಲ್ಲ, ನಮ್ಮ ಮಾವನದು.

ಮಾವನಿಗೆ ಕಿವಿ ಹೋಗಿ ಬಹಳ ಕಾಲವಾಯಿತು. ಕಿವಿಗೆ ಹಾಕುವ ಯಂತ್ರ ಕೊಡಿಸಿದ್ದಾರೆ; ಅದು ಸಿಳ್ಳೆ ಹೊಡೆಯುತ್ತದೆಂದು ಅಂಗಿ ಜೇಬಿನಲ್ಲಿ ಮಲಗಿಸಿರುತ್ತಾರೆ. ಆದರೆ ಹಾಡೆಂದರೆ ಪ್ರಾಣ. ನನ್ನ ಪೆಟ್ಟಿಗೆಗಳು ಬಂದಾಗೆಲ್ಲ ಕುರ್ಚಿ ಎಳೆದುಕೊಂಡು ಹೋಗಿ ಸಬ್ ವೂಫರಿಗೆ ಬೆನ್ನು ಕೊಟ್ಟು ಕೂತುಬಿಡುತ್ತಾರೆ. ಬೆನ್ನಿಗೆ ಕೇಳಿಸುತ್ತದೆ ಎನ್ನುತ್ತಾರೆ. ತಾಳಕ್ಕೆ ಸರಿಯಾಗಿ ತಲೆಯನ್ನೂ ತೂಗುತ್ತಾರೆ. ಆ ತಲೆಯ ಮೇಲೆ ನೇರವಾಗಿ, ನಾರು ತುರುಕಿದ ನೀರಿನ ಪೈಪಿನ ತುದಿಯಲ್ಲಿ, ನನ್ನ ಟಾಪ್. ಅಳಿಯನ ಪೆಟ್ಟಿಗೆ ಮಾವನ ತಲೆಯ ಮೇಲೆ ಬಿದ್ದರೆ ಅದನ್ನು ಆಕಸ್ಮಿಕ ಎಂದು ಹುಳಿಯಾರಿನಿಂದ ನೊಣವಿನಕೆರೆಯವರೆಗೆ ಒಬ್ಬರೂ ನಂಬುವುದಿಲ್ಲ. ಅದು ಹಾಗಿರಲಿ. ಆ ತಲೆ ನನಗೆ ಬೇಕಾದ ತಲೆ. ಹೆಣ್ಣು ನೋಡಲು ಹೋದಾಗ, ಮೈಕ್ ಸೆಟ್ಟಿನವನಿಗೆ ಹುಡುಗಿ ಕೊಡುವುದೇ ಎಂದು ಎಲ್ಲರೂ ಮೂಗು ಮುರಿದಿದ್ದರು. "ನಾಲ್ಕು ಜನುಕ್ಕೆ ಕೇಳ್ಸೋ ಕೆಲ್ಸ, ಒಳ್ಳೇದೇ ಅಲ್ವಾ ಬುಡ್ರಪ್ಪ" ಎಂದವರು ಅವರೊಬ್ಬರೇ.

ಅವರನ್ನು ಅಲ್ಲಿಂದ ಎಬ್ಬಿಸಿದರೆ ಅವರ ಹಾಡು ನಿಲ್ಲುತ್ತದೆ. ಎಬ್ಬಿಸದಿದ್ದರೆ ನನ್ನ ಎದೆ ನಿಲ್ಲುತ್ತದೆ. ಹಾಗಾಗಿ ಒಂದು ತೀರ್ಮಾನಕ್ಕೆ ಬಂದೆ: ಮಾವ ಅಲ್ಲೇ ಕೂರಲಿ, ಪೆಟ್ಟಿಗೆ ಬೀಳಕೂಡದು. ಅದು ಅಲ್ಲಾಡದಂತೆ ನಿಲ್ಲುವ ತನಕ ಗುಂಡಿ ತಿರುಗಿಸುವುದಿಲ್ಲ, ಯಾರು ಬಂದು ಹೇಳಿದರೂ ಇಲ್ಲ. ಮದುವೆಯಾದಾಗಿನಿಂದ ಇಷ್ಟು ಗಟ್ಟಿಯಾದ ತೀರ್ಮಾನ ನಾನು ಮಾಡಿರಲಿಲ್ಲ. ನಾಮಕರಣದ ದಿನ ಬೆಳಿಗ್ಗೆ ಹಿತ್ತಲಿಗೆ ಹೋಗಿ ಒದ್ದೆ ಸೀರೆಗಳನ್ನು ತೆಗೆದು ಕಲ್ಲಿನ ಮೇಲೆ ಹಾಕಿ ಕಂಬವನ್ನು ಬಿಚ್ಚಿದೆ. ಹಾಗಲಬಳ್ಳಿಯ ಕಂಬವನ್ನೂ ಕಿತ್ತೆ. ಗಿರಿಜಾ ಬಾಗಿಲಲ್ಲಿ ನಿಂತು ನೋಡಿದಳು. "ನಿಮ್ಮಪ್ಪನ ತಲೆಗೋಸ್ಕರ" ಎಂದೆ. ಅವಳು ಮೊದಲು ಸಿಟ್ಟಾದಳು, ವಿಷಯ ತಿಳಿದ ಮೇಲೆ ತಾನೇ ಬಳ್ಳಿ ಬಿಡಿಸಿಕೊಟ್ಟಳು.

ತೋಟದಲ್ಲಿ ಮೊದಲನೇ ವಿಘ್ನ ನನ್ನದೇ ಸೃಷ್ಟಿ. ಕಂಬವನ್ನು ತೂತಿಗಿಟ್ಟು ತಿರುಗಿಸಿದರೆ ತಿರುಗುತ್ತಿಲ್ಲ. ತೂತಿನೊಳಗಿನ ಮರೆಯ ತುಂಬ ನಾನು ಕಾಲಕಾಲಕ್ಕೆ ಭಕ್ತಿಯಿಂದ ತುರುಕಿದ್ದ ನಾರು ಗಸಿಯಂತೆ ಕೂತುಬಿಟ್ಟಿತ್ತು. ಗಿರಿಜಾ ಜಡೆಯಿಂದ ಹೇರ್‌ಪಿನ್ ತೆಗೆದು ಕೊಟ್ಟಳು. ಮಂಡಿಯೂರಿ ಕೂತು ಎಳೆ ಎಳೆಯಾಗಿ ಕೆದಕತೊಡಗಿದೆ. ಅತಿಥಿಗಳು ಬರತೊಡಗಿದರು. ಮಂಜ ಓಡಿಬಂದ. "ಬಾವ, ಹೆಂಡ್ತಿ ಕಡೆಯೋರು ಬಂದ್ಬುಟ್ರು. ಹಾಡ್ ಹಾಕು ಮೊದ್ಲು."

"ಇದು ನಿಲ್ಲಲಿ."

"ಇಷ್ಟ್ ದಿನ ಪೈಪಲ್ಲೇ ನಿಂತಿತ್ತಲ್ಲ! ಬೀಳಂಗಿದ್ರೆ ಇಷ್ಟೊತ್ತಿಗೆ ಬೀಳ್ತಿರ್ಲಿಲ್ವಾ? ತಲೆ ಮ್ಯಾಗ್ಳುದೆಲ್ಲಾ ಬೀಳಂಗಿದ್ರೆ ನಮ್ಮೂರಲ್ಲಿ ಒಬ್ರಾದ್ರೂ ಉಳೀತಿದ್ರಾ? ನೋಡ್ ಮ್ಯಾಕೆ."

ಮೇಲೆ ನೋಡಿದೆ. ಪ್ರತಿ ಮರದಲ್ಲೂ ಗೊನೆಗೊನೆ ಕಾಯಿ ತೂಗುತ್ತಿದ್ದವು. ಅವುಗಳ ನೇರ ಕೆಳಗೆ ಬಂಧುಬಳಗ ಕುರ್ಚಿ ಹಾಕಿಕೊಂಡು ನೆಮ್ಮದಿಯಿಂದ ಎಲೆಅಡಿಕೆ ಹಾಕುತ್ತಿತ್ತು. ತೆಂಗಿನ ಸೀಮೆಯಲ್ಲಿ ಹುಟ್ಟಿದವರಿಗೆ ಮೇಲಿಂದ ಬೀಳುವುದರ ಭಯವೇ ಇಲ್ಲ. ಕಾಯಿಗೆ ಮೂರು ಕಣ್ಣಿದೆ, ಅದು ನೋಡಿಕೊಂಡು ಬೀಳುತ್ತದೆ ಎಂದು ಹುಟ್ಟಿನಿಂದ ನಂಬಿದವರು. "ಅದುಕ್ಕೆ ಕಣ್ಣೈತೆ ಕಣ್ಲಾ ಮಂಜ. ನನ್ ಪೆಟ್ಟಿಗೆಗೆ ಇಲ್ಲ" ಎಂದು ಮತ್ತೆ ಪಿನ್ನು ಹಿಡಿದೆ.

ಕೊನೆಗೆ ಮರೆ ಶುಭ್ರವಾಗಿ, ಕಂಬ ಗಕ್ಕನೆ ಕೂತಿತು. ಕೂತ ಮೇಲೆ ನೋಡಿದರೆ ವಾಲುತ್ತಿದೆ. ಹಿಂದಿನ ದಿನ ತೋಟಕ್ಕೆ ನೀರು ಕಟ್ಟಿದ್ದರು, ಮರದ ಪಾತಿಯ ಅಂಚಿನಲ್ಲಿ ಪೆಟ್ಟಿಗೆ ಒಂದು ಕಡೆ ಇಳಿಯುತ್ತಿತ್ತು. ಮಂಜ ನಾಲ್ಕು ಕರಟ ತಂದ. ಬೇಡವೆಂದೆ. ಕೊಟ್ಟಿಗೆಯ ಹಳೆಯ ಬಾಗಿಲು ಗೋಡೆಗೆ ಒರಗಿಸಿತ್ತು, ಅದನ್ನು ಇಬ್ಬರು ನೆಂಟರ ಕೈಲಿ ಹೊರಿಸಿ ತಂದು ಮಣ್ಣು ಸರಿಮಾಡಿ ಹಾಸಿದೆ. ಅದರ ಮೇಲೆ ಸಬ್ ವೂಫರ್ ಇಟ್ಟು, ಅದರ ನೆತ್ತಿಯ ಮೇಲೆ ತಟ್ಟೆಯಲ್ಲಿ ನೀರಿಟ್ಟು, ನೀರು ಎಲ್ಲ ಅಂಚಿಗೂ ಸಮನಾಗುವ ತನಕ ಒತ್ತಿ ಒತ್ತಿ ಕೂರಿಸಿದೆ. ಯಾರೋ ಅಜ್ಜಿ ಅದು ಪೂಜೆಯೆಂದು ತಿಳಿದು ಹೂ ಹಾಕಿದರು. ಟಾಪನ್ನು ಏರಿಸಿ, ನಾರಿನ ಹಗ್ಗ ಬೇಡವೆಂದು ಹೇಳಿ, ಕೊಬ್ಬರಿ ಲಾರಿಯಲ್ಲಿ ಮೂಟೆ ಬಿಗಿಯುವ ಬೆಲ್ಟಿನಿಂದ ಎರಡೂ ಪೆಟ್ಟಿಗೆಗಳನ್ನು ಸೇರಿಸಿ ಬಿಗಿದೆ. ಯಾರಾದರೂ ಎಡವಿದರೆ ಪೆಟ್ಟಿಗೆಯನ್ನೇ ಎಳೆದುಕೊಂಡು ಹೋಗದಂತೆ ವೈರನ್ನು ಕೆಳಗೆ ಸಡಿಲ ಬಿಟ್ಟು ಕಟ್ಟಿದೆ. ಅಷ್ಟರಲ್ಲಿ ಪುರೋಹಿತರು ಮಗುವಿಗೆ ಹೆಸರಿಟ್ಟು ಮುಗಿಸಿದ್ದರು. ಯಾವ ಹೆಸರೆಂದು ಶಾಮಿಯಾನದ ಆ ಬದಿಯ ಇನ್ನೊಂದು ಜೋಡಿ ಪೆಟ್ಟಿಗೆ ಕಟ್ಟುವಾಗ ಗಿರಿಜಾಳನ್ನು ಕೇಳಿ ತಿಳಿದುಕೊಂಡೆ. ಮಂಜ ನನ್ನ ಜೊತೆ ಮಾತು ಬಿಟ್ಟಿದ್ದ.

ಕಡೆಗೆ ಟಾಪನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿದೆ. ನಾನು ಅಲ್ಲಾಡಿದೆ, ಅದು ಅಲ್ಲಾಡಲಿಲ್ಲ. ಅಷ್ಟು ಸಂತೋಷ ನನಗೆ ಮೊದಲ ಸಲ ಪೆಟ್ಟಿಗೆ ಕೊಂಡಾಗಲೂ ಆಗಿರಲಿಲ್ಲ. ಮಾವ ಎಂದಿನಂತೆ ಕುರ್ಚಿ ಎಳೆದುಕೊಂಡು ಬಂದರು. ಕುರ್ಚಿಯನ್ನು ಕೊಟ್ಟಿಗೆ ಬಾಗಿಲಿನ ಮೇಲೇ ಹಾಕಿ, ಚಪ್ಪಲಿ ಪಕ್ಕಕ್ಕಿಟ್ಟು, ಬೆನ್ನು ಕೊಟ್ಟು ಕೂತರು. ನಾನು ಗುಂಡಿ ತಿರುಗಿಸಿದೆ. ಬೆಳಗಿನಿಂದ ತಡೆದಿದ್ದ ಕೈ, ಸ್ವಲ್ಪ ಧಾರಾಳವಾಗಿಯೇ ತಿರುಗಿಸಿರಬೇಕು. ಮಾವ ಒಮ್ಮೆ ಬೆಚ್ಚಿ, ತಮ್ಮ ಬರಿಗಾಲು ನೋಡಿಕೊಂಡರು. ಹಲಗೆಯಿಂದ ಹಾಡು ಪಾದಕ್ಕೆ ಹತ್ತುತ್ತಿತ್ತು. ಮುಖ ಅರಳಿತು, ಎರಡೂ ಕೈ ಮಂಡಿಯ ಮೇಲೆ ತಾಳ ಹಾಕತೊಡಗಿದವು. ದೂರದಿಂದ ನೋಡುತ್ತಿದ್ದ ನನಗೆ ಕಣ್ಣು ಮಂಜಾಯಿತು. ಗಿರಿಜಾ ನನಗೊಂದು ಲೋಟ ಪಾನಕ ತಂದುಕೊಟ್ಟಳು.

ಎರಡನೆಯ ಹಾಡಿಗೆ ಮಾವ ನನ್ನನ್ನು ಕೈಬೀಸಿ ಕರೆದರು. ಬೆಳಗಿನಿಂದ ಪಟ್ಟ ಪಾಡಿಗೆ ಶಭಾಷ್ ಎನ್ನುವ ಒಬ್ಬ ಮನುಷ್ಯನಾದರೂ ಸಿಕ್ಕಿದನಲ್ಲ ಎಂದು ಉಬ್ಬಿ ಹೋಗಿ, ಬಗ್ಗಿ, ಮುಖ ಮುಂದೊಡ್ಡಿದೆ. ಅವರು ನನ್ನ ತೋಳು ಹಿಡಿದು, ಇಡೀ ತೋಟಕ್ಕೆ ಕೇಳುವಂತೆ ಕೂಗಿದರು: "ಸವಂಡು ಜಾಸ್ತಿ ಆಯ್ತು ಕಣ್ರೀ ಅಳಿಯಂದ್ರೆ! ವಸಿ ಕಮ್ಮಿ ಮಾಡಿ!"

ಊಟಕ್ಕೆ ಕೂತಿದ್ದವರೆಲ್ಲ ಎಲೆ ಬಿಟ್ಟು ನಕ್ಕರು. ಮಾತು ಬಿಟ್ಟಿದ್ದ ಮಂಜ ಎಲ್ಲರಿಗಿಂತ ಜೋರಾಗಿ ನಕ್ಕ. ಇದೇ ಮಾತನ್ನು ಮೂರು ತಾಲ್ಲೂಕಿನ ಜನ ನನಗೆ ಹೇಳಿದ್ದಾರೆ; ಪುರೋಹಿತರು ಹೇಳಿದ್ದಾರೆ, ಅಡುಗೆಯವರು ಹೇಳಿದ್ದಾರೆ, ಕಟ್ಟಿಕೊಂಡ ಹೆಂಡತಿ ದಿನಾ ಹೇಳುತ್ತಾಳೆ. ಒಂದು ಸಲವೂ ನನ್ನ ಕಿವಿಗೆ ಬಿದ್ದದ್ದಿಲ್ಲ. ಅಂದು, ನಮ್ಮ ಮನೆತನದಲ್ಲಿ ಕಿವುಡ ಯಾರು ಎಂಬುದು ಇಡೀ ತೋಟದ ಮುಂದೆ ಇತ್ಯರ್ಥವಾದ ಮೇಲೆ, ಹೋಗಿ ಗುಂಡಿಯನ್ನು ಕಡಿಮೆ ಮಾಡಿದೆ.